ಮಾತುಗಾರರು ಬೇಕಾಗಿದ್ದಾರೆ

ಮೈಕು ಮೇಜಿನ ನಡುವೆ ಬಿದ್ದಿತ್ತು. ಯಾರಾದರೂ ಎತ್ತಿಕೊಂಡಾರು ಎಂದು ನಾಲ್ವರೂ ಕಾಯುತ್ತಿದ್ದರು. ತಮ್ಮ ಕೈ ಮಾತ್ರ ಅದರ ಹತ್ತಿರ ಸುಳಿಯದ ಹಾಗೆ ನಾಲ್ವರೂ ನೋಡಿಕೊಂಡಿದ್ದರು.

"ಸೊಲ್ಬಿ, ನೀನೇ ಶುರು ಮಾಡಮ್ಮ," ಎಂದಳು ನೂಡಲ್ಸ್ ಅಂಗಡಿಯ ಯಜಮಾನಿ ಓಕ್‌ಸುನ್. "ಎಲ್ಲರಿಗಿಂತ ಚಿಕ್ಕವಳು. ಅದೂ ಅಲ್ದೆ ನೀನು 'ಇ' ಅಲ್ವಾ?"

ಸೊಲ್ಬಿ 'ಇ' ಅಲ್ಲ, ಯಾವತ್ತೂ ಆಗಿರಲಿಲ್ಲ.

ಕೊರಿಯಾದ ಈ ಗಂಗ್‌ನುಂಗ್ ಊರಿನಲ್ಲಿ ಈಗ ಹೆಸರು ಕೇಳಿದ ಬೆನ್ನಿಗೇ ಕೇಳುವುದು ಸ್ವಭಾವ ಪರೀಕ್ಷೆಯಲ್ಲಿ ಬಂದ ನಾಲ್ಕು ಇಂಗ್ಲಿಷ್ ಅಕ್ಷರ. ಮೊದಲನೆಯದು 'ಇ' ಆದರೆ ಜನ ಕಂಡರೆ ಅರಳುವವರು, 'ಐ' ಆದರೆ ಜನ ಕಂಡರೆ ಮೂಲೆ ಹುಡುಕುವವರು. ಹೆಣ್ಣು ಗಂಡು ನೋಡುವುದಕ್ಕೂ ಇದೇ, ಕೆಲಸಕ್ಕೆ ಸೇರಿಸಿಕೊಳ್ಳುವುದಕ್ಕೂ ಇದೇ. ನಿಜ ಹೇಳಿದ ತಪ್ಪಿಗೆ ಸೊಲ್ಬಿಯನ್ನು ಒಂದು ಕಾಫಿ ಅಂಗಡಿ, ಒಂದು ಹೋಟೆಲು, ಒಂದು ಚಪ್ಪಲಿ ಅಂಗಡಿ ನಯವಾಗಿ ಸಾಗಹಾಕಿದ್ದವು. ಆಮೇಲೆ ಓಕ್‌ಸುನ್‌ಳ ಬಾಗಿಲಲ್ಲಿ ಈ ಚೀಟಿ ಕಂಡಿತು: 'ಕೆಲಸಕ್ಕೆ ಜನ ಬೇಕು. ಇ ಗಳು ಮಾತ್ರ. ಐ ಗಳು ಬೇಜಾರು ಮಾಡ್ಕೋಬೇಡಿ.' ಅವಳು ಸೀದಾ ಒಳಗೆ ನುಗ್ಗಿ, "ನಾನು ಅಪ್ಪಟ ಇ," ಎಂದು ಬಾಯ್ತುಂಬ ಸುಳ್ಳು ಹೇಳಿದ್ದಳು.

ಹೇಳುವುದು ಸುಲಭ, ನಿಭಾಯಿಸುವುದು ಹೇಗೆ? ಗಿರಾಕಿ ಬಂದರೆ ಸೂರು ಹಾರುವಂತೆ ಸ್ವಾಗತ ಕೂಗಬೇಕು, ಯಾರೋ ಅಜ್ಜನ ಮೀನುಗಾರಿಕೆಯ ಕಥೆಗೆ ಬಿದ್ದು ಬಿದ್ದು ನಗಬೇಕು. ಮಧ್ಯಾಹ್ನದ ಗದ್ದಲ ಮುಗಿಯುವಷ್ಟರಲ್ಲಿ ಅವಳಿಗೆ ಜೀವವೇ ಸೋರಿಹೋದಂತಾಗುತ್ತಿತ್ತು. ಆಗ ಹಿಟ್ಟಿನ ಮೂಟೆಗಳ ಕೋಣೆಗೆ ನುಸುಳಿ, ಅಲ್ಲಿದ್ದ ಒಂದೇ ಒಂದು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸ್ಟೂಲು ಯಾವಾಗಲೂ ಬೆಚ್ಚಗಿರುತ್ತಿತ್ತು. ಪಕ್ಕದ ಒಲೆಯ ಕಾವು ಅಂದುಕೊಂಡಿದ್ದಳು.

ಆದರೂ ಆ ಕೆಲಸ ಅವಳಿಗೆ ಪ್ರಾಣವಾಗಿತ್ತು. ಹಿಟ್ಟು ಲಟ್ಟಿಸಿ, ಮಡಿಸಿ, ಚಾಕುವಿನಲ್ಲಿ ಸಣ್ಣಗೆ ಹೆಚ್ಚುವಾಗ ಸಿಗುವ ನೆಮ್ಮದಿ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. "ಸೋಮವಾರ ಅಂಗಡಿ ರಜ. ಎಲ್ಲರೂ ಸೇರಿ ಹಾಡಿ ಕುಣಿಯೋಣ. ನಿನ್ನ ಕೆಲಸ ಕಾಯಂ ಮಾಡೋ ಮಾತೂ ಅಲ್ಲೇ ಆಗ್ಲಿ," ಎಂದು ಯಜಮಾನಿ ಹೇಳಿದಾಗ ಬೇಡವೆನ್ನುವ ಧೈರ್ಯ ಬರಲಿಲ್ಲ. ಹಾಗೆ ಹಗಲು ಹೊತ್ತಿನಲ್ಲೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಈ ಕರೋಕೆ ಹಾಡುಕೋಣೆಗೆ ಬಂದು ಕೂತಿದ್ದರು. ಮೇಲೆ ಬಣ್ಣದ ದೀಪ ತನ್ನ ಪಾಡಿಗೆ ಸುತ್ತುತ್ತಿತ್ತು.

"ಮೊದಲು ಹಿರಿಯರು ಹಾಡ್ಲಿ," ಎಂದು ಸೊಲ್ಬಿ ಮೈಕನ್ನು ಅಡುಗೆಯ ಕಿಪ್ಯೊನತ್ತ ತಳ್ಳಿದಳು.

"ನಂಗೆ ಗಂಟಲು ಕಟ್ಟಿದೆ ಕಣಮ್ಮ. ತೆಹೊ ಹಾಡ್ತಾನೆ, ವಯಸ್ಸಿನ ಹುಡುಗ."

ಬಡಿಸುವ ತೆಹೊ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದ. "ಹುಡುಕ್ತಾ ಇದೀನಿ ಅಣ್ಣ. ನನ್ನ ಹಾಡು ಸಿಕ್ತಾ ಇಲ್ಲ. ಅಲ್ಲೀವರೆಗೆ ಯಜಮಾನಮ್ಮ ಒಂದು ಹೇಳ್ಲಿ."

"ನಾನು ಹಾಡಿದ್ರೆ ನಿಮಗೆಲ್ಲ ಎಲ್ಲಿ ಟೈಮ್ ಉಳಿಯತ್ತೆ?" ಎಂದು ಓಕ್‌ಸುನ್ ಚೀಲದಿಂದ ಕಿತ್ತಳೆ ತೆಗೆದು ಬಹಳ ಶ್ರದ್ಧೆಯಿಂದ ಸುಲಿಯತೊಡಗಿದಳು.

ಪರದೆಯ ಮೂಲೆಯಲ್ಲಿ ಉಳಿದ ಸಮಯ ಇಳಿಯುತ್ತಿತ್ತು. ಐದು ನಿಮಿಷ, ಮೂರು ನಿಮಿಷ. ಕಿಪ್ಯೊ ಕೆಮ್ಮಿದ. ತೆಹೊ ಪುಸ್ತಕವನ್ನು ಮೊದಲಿಂದ ತಿರುವಿದ. ಕೊನೆಯ ನಿಮಿಷ ಬಂದಾಗ ಸೊಲ್ಬಿ ಜಾಕೆಟ್ಟು ಎತ್ತಿಕೊಳ್ಳಲು ಕೈಚಾಚಿದಳು. ದೇವರೇ, ಪಾರಾದೆ ಎಂದುಕೊಳ್ಳುವಷ್ಟರಲ್ಲಿ ಪರದೆ ಮಿನುಗಿತು. ಗಿರಾಕಿಯಿಲ್ಲದ ಸೋಮವಾರ ನೋಡಿ, ಆ ಜಾಗದ ಮಾಲೀಕ ಕೌಂಟರಿನಲ್ಲಿ ಕೂತೇ ಪ್ರೀತಿಯಿಂದ ಒಂದು ಗಂಟೆ ಪುಕ್ಕಟೆಯಾಗಿ ಸೇರಿಸಿದ್ದ.

"ಅಯ್ಯೋ," ಎಂಬ ನರಳಾಟ ನಾಲ್ಕು ಬಾಯಿಂದಲೂ ಒಟ್ಟಿಗೆ ಹೊರಬಿತ್ತು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೊಲ್ಬಿಗೆ ಇನ್ನು ತಡೆಯಲಾಗಲಿಲ್ಲ. "ಯಜಮಾನಮ್ಮಾ, ತಪ್ಪಾಯ್ತು. ನಾನು ಇ ಅಲ್ಲ, ಐ. ಕೆಲಸ ಬೇಕಿತ್ತು, ಸುಳ್ಳು ಹೇಳ್ಬಿಟ್ಟೆ. ಬೇಕಾದ್ರೆ ತೆಗೆದುಹಾಕಿ, ಹಾಡು ಅಂತ ಮಾತ್ರ ಹೇಳ್ಬೇಡಿ."

"ನಾನೂ ಅದೇ," ಎಂದ ಕಿಪ್ಯೊ, ಮೇಜು ನೋಡುತ್ತ. "ಸುಳ್ಳು ಹೇಳ್ಕೊಂಡೇ ಎಂಟು ವರ್ಷ ಆಯ್ತು."

"ನಂದೂ ಸುಳ್ಳೇ," ಎಂದ ಪುಸ್ತಕದ ಹಿಂದಿನಿಂದ ತೆಹೊ.

ಓಕ್‌ಸುನ್ ಮೂವರನ್ನೂ ದುರುಗುಟ್ಟಿ ನೋಡಿದಳು.

"ಏನ್ ಜನಾನಪ್ಪಾ ನೀವು. ಇ ಗಳೇ ಬೇಕು ಅಂತ ನಾನು ಯಾಕೆ ಬರೆದೆ ಅಂದ್ಕೊಂಡ್ರಿ? ಗಿರಾಕಿಗಳ ಹತ್ರ ಮಾತಾಡೋಕೆ ನಂಗೆ ಆಗಲ್ಲ. ನೀವು ಮಾತಾಡ್ತೀರಿ, ನಾನು ಒಲೆ ಮುಂದೆ ಬಾಯಿ ಮುಚ್ಕೊಂಡು ಇರ್ಬೋದು ಅಂತ. ಇಲ್ಲಿಗೆ ಕರ್ಕೊಂಡ್ ಬಂದಿದ್ದೂ ನಿಮಗೆ ಇಷ್ಟ ಆಗತ್ತೆ ಅಂತಾನೇ." ಕಿತ್ತಳೆ ಸಿಪ್ಪೆಯನ್ನು ಮೇಜಿಗೆ ಬಡಿದಳು. "ಹಿಟ್ಟಿನ ಕೋಣೇಲಿ ಸ್ಟೂಲು ಹಾಕಿದ್ದೂ ನನಗೋಸ್ಕರ. ಹೋದಾಗೆಲ್ಲ ಯಾರಾದ್ರೂ ಒಬ್ರು ಕೂತಿರ್ತಿದ್ರಿ."

ಮೊದಲು ನಕ್ಕದ್ದು ಕಿಪ್ಯೊ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಎಲ್ಲರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಇಷ್ಟು ದಿನ ಗಿರಾಕಿಗಳ ಮುಂದೆ ನಕ್ಕ ನಗೆಯೆಲ್ಲ ಸೇರಿದರೂ ಈ ನಗೆಗೆ ಸಮವಲ್ಲ ಎಂದು ಸೊಲ್ಬಿಗೆ ಅನಿಸಿತು.

"ನನ್ನ ಕೆಲಸ?" ಎಂದಳು ಕಣ್ಣೊರೆಸಿಕೊಂಡು.

"ನಾಳೆ ಬರ್ತಾ ಇನ್ನೊಂದು ಸ್ಟೂಲು ತಗೊಂಡು ಬಾ," ಎಂದು ಓಕ್‌ಸುನ್ ಕಿತ್ತಳೆಯ ಅರ್ಧ ಅವಳ ಕೈಗಿಟ್ಟಳು.

ಮಾಲೀಕನಿಗೆ ಬೇಜಾರಾಗಬಾರದೆಂದು ತೆಹೊ ಯಾವುದೋ ಒಂದು ಹಾಡಿನ ನಂಬರು ಒತ್ತಿದ. ಸಂಗೀತ ಶುರುವಾಯಿತು, ಪದಗಳು ಪರದೆಯ ಮೇಲೆ ಬಣ್ಣ ಬದಲಿಸುತ್ತ ಸಾಗಿದವು. ನಾಲ್ವರೂ ಸೋಫಾಕ್ಕೆ ಒರಗಿ, ಕಾಲು ಚಾಚಿ, ತುಟಿಪಿಟಕ್ಕೆನ್ನದೆ ಕಿತ್ತಳೆ ತಿನ್ನುತ್ತ ಕೇಳಿದರು. ಹಾಡು ಮುಗಿದದ್ದೇ, ಹಾಡಿದವರಿಗೆ ಅಂಕ ಹಾಕುವ ಯಂತ್ರ ಭರ್ಜರಿಯಾಗಿ ತುತ್ತೂರಿ ಊದಿ, ಪರದೆಯ ತುಂಬ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿತು.