ವಿಶಾಲಾಕ್ಷಮ್ಮನವರ ಸುರುಳಿ

ಕಾದ ಅಚ್ಚಿನಿಂದ ಎಬ್ಬಿಸಿದ ಹಿಟ್ಟಿನ ಹಾಳೆಯನ್ನು ತಗಡಿನ ಕೊಳವೆಗೆ ಸುತ್ತಲು ಸಿಗುವ ಹೊತ್ತು ಬಹಳ ಕಡಿಮೆ. ಅಂಗೈಯಗಲದ ಆ ತೆಳು ಹಾಳೆ ಬಿಸಿಯಿರುವಷ್ಟು ಹೊತ್ತು ಬಟ್ಟೆಯ ಹಾಗೆ ಬಾಗುತ್ತದೆ. ಆರಿತೆಂದರೆ ಗಾಜಿನ ಹಾಗೆ ಒಡೆಯುತ್ತದೆ. ಸುತ್ತುವವರು ಬೆರಳು ಸುಟ್ಟುಕೊಳ್ಳಲೇಬೇಕು. ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ಹಾಗೆ ಸುತ್ತುತ್ತಿದ್ದ ಎರಡು ಕೈಗಳು ನನಗೆ ಇವತ್ತಿಗೂ ಕಾಣುತ್ತವೆ. ಎಡಗೈ ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತಿತ್ತು, ಬಲಗೈ ಹಾಳೆಯ ಅಂಚನ್ನು ಒತ್ತುತ್ತ ಹೋಗುತ್ತಿತ್ತು. ಕ್ಷಣ ಬಿಟ್ಟು ಕೊಳವೆಯನ್ನು ಎಳೆದರೆ ಒಳಗೆ ಟೊಳ್ಳಾದ, ಹೊಂಬಣ್ಣದ ಸುರುಳಿ ಬಿದಿರ ಮೊರದೊಳಕ್ಕೆ ಜಾರಿ ಬೀಳುತ್ತಿತ್ತು.

ಆ ಕೈಗಳು ಸಿದ್ದಾಜಮ್ಮನವು. ಆದರೆ ಊರಿಗೆ ಊರೇ ಆ ತಿಂಡಿಯನ್ನು ಕರೆಯುತ್ತಿದ್ದುದು 'ವಿಶಾಲಾಕ್ಷಮ್ಮನವರ ಸುರುಳಿ' ಎಂದು. ವಿಶಾಲಾಕ್ಷಮ್ಮ ನನ್ನ ಅತ್ತೆ.

ಮದುವೆಯಾಗಿ ಆ ಮನೆಗೆ ಹೋದ ಹೊಸತರಲ್ಲಿ ನಾನೂ ಅದನ್ನು ಅತ್ತೆಯ ಕೈಗುಣವೆಂದೇ ನಂಬಿದ್ದೆ. ನಿಶ್ಚಿತಾರ್ಥದ ದಿನ ನಮ್ಮ ಕಡೆಯವರ ಮುಂದೆ ಬೆಳ್ಳಿಯ ತಟ್ಟೆಯಲ್ಲಿ ಸುರುಳಿ ಬಂದಿತ್ತು. ಖೋವಾ, ಏಲಕ್ಕಿ ತುಂಬಿ ಎರಡು ತುದಿಗೂ ಪಿಸ್ತಾದ ಪುಡಿ ಅಂಟಿಸಿದ್ದರು. ನಮ್ಮಮ್ಮ ಒಂದನ್ನು ಕಚ್ಚಿ, "ಇಂಥ ಕೈ ಇರೋ ಮನೆಗೆ ಮಗಳನ್ನ ಕೊಡ್ತಿದೀನಲ್ಲ, ನನಗಿನ್ನೇನು ಬೇಕು" ಎಂದಿದ್ದಳು. ಅತ್ತೆ ತಲೆ ತಗ್ಗಿಸಿ ನಕ್ಕಿದ್ದರು.

ನಿಜ ತಿಳಿದದ್ದು ಮೊದಲ ಹಬ್ಬಕ್ಕೆ. ಹಿಂದಿನ ಓಣಿಯ ಬಾಗಿಲಿನಿಂದ ಬಂದ ಒಬ್ಬಳು ಹೆಂಗಸು ಕೊಟ್ಟಿಗೆಯಲ್ಲಿ ಒಲೆ ಹಚ್ಚಿದಳು; ಚೀಲದಿಂದ ಇಕ್ಕಳದಂಥ ಹಿಡಿಯಿದ್ದ ಕಬ್ಬಿಣದ ಅಚ್ಚನ್ನೂ ಒಂದು ಹಿಡಿ ತಗಡಿನ ಕೊಳವೆಗಳನ್ನೂ ತೆಗೆದಳು. ಅವಳೇ ಸಿದ್ದಾಜಮ್ಮ. ಅವಳ ತಾಯಿ ಹಿಂದೆ ಮಿಷನ್ ಬಂಗಲೆಯಲ್ಲಿ ಅಡುಗೆಗೆ ಇದ್ದಳಂತೆ. ಬಂಗಲೆಯ ದೊರೆಸಾನಿ ಊರು ಬಿಡುವಾಗ ಅಚ್ಚನ್ನು ಅವಳಿಗೆ ಕೊಟ್ಟು ಹೋದಳಂತೆ. ಮೊಟ್ಟೆಯ ಬದಲು ಬೆಣ್ಣೆ, ಅಕ್ಕಿಹಿಟ್ಟು ಹಾಕಿ ನಮ್ಮಂಥ ಮನೆಗಳಿಗೆ ಒಗ್ಗುವ ಹಾಗೆ ಮಾಡಿಕೊಂಡವಳು ಸಿದ್ದಾಜಮ್ಮ. ಅವಳು ಊರಾಚೆಯ ಕೇರಿಯವಳು. ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಸುರುಳಿಗಳು ಆರಿದ ಮೇಲೆ ಅವಳು ಅವನ್ನು ದೊಡ್ಡ ತಗಡಿನ ಡಬ್ಬಿಯಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಆಗ ಅತ್ತೆ ತಂಬಿಗೆಯಲ್ಲಿ ನೀರು ತಂದು ಡಬ್ಬಿಯ ಮೇಲೆ ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಸುರುಳಿಗೇ ನೀರು ತಾಗಿದರೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ಆದ್ದರಿಂದ ನೀರು ಡಬ್ಬಿಯ ಹೊರಮೈಗೆ ಮಾತ್ರ. ಮಡಿಯೂ ಉಳಿಯಬೇಕು, ಗರಿಗರಿಯೂ ಉಳಿಯಬೇಕು. ಒಳಗೆ ಹೋದಮೇಲೆ ಅತ್ತೆ ಪಟ್ಟೆಸೀರೆಯುಟ್ಟು, ತುದಿಯಲ್ಲಿ ತೂತಿದ್ದ ಬಟ್ಟೆಯ ಕೊಟ್ಟೆಯಲ್ಲಿ ಖೋವಾ ತುಂಬಿ, ಆ ಟೊಳ್ಳುಗಳಿಗೆ ಹಿಂಡುತ್ತಿದ್ದರು. ತುಂಬಿದ್ದೇ ತಡ, ಅದು ಅವರದಾಗುತ್ತಿತ್ತು.

ಡಬ್ಬಿಯ ಮೇಲಿಂದ ಇಳಿಯುತ್ತಿದ್ದ ಆ ನೀರನ್ನು ಮೊದಲ ಸಲ ನೋಡಿದಾಗ ನನಗೆ ಬಚ್ಚಲ ಕೊಚ್ಚೆಯಲ್ಲಿ ಕಾಲಿಟ್ಟ ಹಾಗಾಯಿತು. ಆ ಹಬ್ಬಕ್ಕೆ ನಾನು ಸುರುಳಿ ತಿನ್ನಲಿಲ್ಲ. "ಹಲ್ಲುನೋವು" ಎಂದೆ. ಆಮೇಲೆಯೂ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಬೇಯುವ ಹಿಟ್ಟಿನ, ಬೆಣ್ಣೆಯ ಆ ಘಮ ಮನೆ ತುಂಬಿತೆಂದರೆ ನಾನು ಮೂಗಿಗೆ ಸೆರಗು ಹಿಡಿದು ಮುಂದಿನ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ.

ಒಮ್ಮೆ ಕೊಟ್ಟಿಗೆಗೆ ಹೋಗಿ ಕೇಳಿದೆ. "ಸಿದ್ದಾಜಮ್ಮ, ನಿಮಗೆ ಏನೂ ಅನ್ಸಲ್ವಾ?"

"ಏನು ಚಿಕ್ಕಮ್ಮೋರೆ?"

"ನೀರು ಹಾಕ್ತಾರಲ್ಲ."

ಅವಳು ಅಚ್ಚು ಮಗುಚಿ ಹಾಕುತ್ತ ನಕ್ಕಳು. "ನೆನೆಯೋದು ಡಬ್ಬಿ ತಾನೆ? ತುಕ್ಕು ಹಿಡಿದ್ರೆ ದೊಡ್ಡಮ್ಮೋರೇ ಹೊಸಾದು ತರ್ತಾರೆ." ಇನ್ನೊಂದು ಹಾಳೆಯನ್ನು ಸುತ್ತುತ್ತ, ನನ್ನ ಕಡೆ ನೋಡದೆ, "ಅನ್ಸುತ್ತೆ ಅಂದ್ರೆ ನೀವೇನು ಮಾಡ್ತೀರಿ?" ಎಂದಳು.

ವರ್ಷಗಳು ಕಳೆದವು. ಮಗಳು ಹುಟ್ಟಿದಳು, ಇಂದು ಎಂದು ಹೆಸರಿಟ್ಟೆವು. ಅವಳು ಬೆಳೆದು ಊರ ಶಾಲೆಗೆ ಸೇರಿದಳು. ಅಷ್ಟರಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವ ಏರ್ಪಾಡಾಯಿತು. ಅಡುಗೆಗೆ ಅರ್ಜಿ ಹಾಕಿದವರಲ್ಲಿ ಸಿದ್ದಾಜಮ್ಮನೂ ಒಬ್ಬಳು, ಆಯ್ಕೆಯಾದವಳೂ ಅವಳೇ. ಈ ಸುದ್ದಿ ಹೇಳಲು ಅವಳು ಒಗೆದ ಸೀರೆಯುಟ್ಟು, ತಲೆಗೆ ಹೂವು ಮುಡಿದು ಬಂದಳು. ಬಂದದ್ದು ಹಿಂದಿನ ಬಾಗಿಲಿಂದಲೇ.

"ದೊಡ್ಡಮ್ಮೋರೆ, ಇನ್ನು ಹಬ್ಬಕ್ಕೆ ರಜ ಇದ್ದಾಗಷ್ಟೇ ನಿಮಗೆ ಮಾಡಿಕೊಡೋಕಾಗೋದು. ಬೇಜಾರು ಮಾಡ್ಕೋಬೇಡಿ" ಎಂದಳು.

"ಒಳ್ಳೇದಾಯ್ತಲ್ಲೇ ಸಿದ್ದಿ" ಎಂದರು ಅತ್ತೆ. "ನಿನ್ನ ಕೈ ಅಡುಗೆ ತಿನ್ನೋಕೆ ಆ ಮಕ್ಕಳು ಪುಣ್ಯ ಮಾಡಿರ್ಬೇಕು." ಅವಳು ಹೋದಮೇಲೆ ಅವರ ಮುಖವನ್ನು ನೋಡಿದೆ. ಊಟದಲ್ಲಿ ಕೂದಲು ಸಿಕ್ಕಿದವರ ಮುಖ ಹಾಗಿರುತ್ತದೆ.

ಆ ವಾರದಲ್ಲೇ ಅತ್ತೆ ಊರಿನ ದೊಡ್ಡ ಮನೆಗಳ ಹೆಂಗಸರನ್ನು ನಮ್ಮ ಹಜಾರಕ್ಕೆ ಕರೆದರು. ಎಲ್ಲರ ಮಕ್ಕಳೋ ಮೊಮ್ಮಕ್ಕಳೋ ಆ ಶಾಲೆಯಲ್ಲಿದ್ದರು. ಅಡುಗೆಯವಳನ್ನು ಬದಲಾಯಿಸಬೇಕೆಂದು ಒಟ್ಟಾಗಿ ಶಾಲೆಗೆ ಹೋಗಿ ಹೇಳಿಬರುವುದು ಸಭೆಯ ಉದ್ದೇಶ. ಬಂದವರಿಗೆ ಕೊಡಲು ಏನಾದರೂ ಬೇಕಲ್ಲ? ಅತ್ತೆ ಸಿದ್ದಾಜಮ್ಮನಿಗೇ ಹೇಳಿಕಳಿಸಿದರು. ಯಾವುದಕ್ಕೆಂದು ಹೇಳಲಿಲ್ಲ. ಅವಳು ಬಂದಳು, ಕೊಟ್ಟಿಗೆಯಲ್ಲಿ ಒಲೆ ಹಚ್ಚಿದಳು.

ಕೊಟ್ಟಿಗೆಗೂ ಹಜಾರಕ್ಕೂ ನಡುವೆ ಇದ್ದದ್ದು ಅಡುಗೆಮನೆ. ಒಂದು ಕಡೆ ಹಿತ್ತಿಲಿನ ಕಿಟಕಿ, ಇನ್ನೊಂದು ಕಡೆ ಹಜಾರದ ಬಾಗಿಲು. ಅತ್ತೆ ಅತಿಥಿಗಳ ಜೊತೆ ಕೂತದ್ದರಿಂದ ಖೋವಾ ತುಂಬುವ ಕೆಲಸ ಆ ದಿನ ನನ್ನ ಪಾಲಿಗೆ ಬಂದಿತ್ತು. ಒಂದು ಕಿವಿಗೆ ಅಚ್ಚಿನ ಸದ್ದು, ಇನ್ನೊಂದಕ್ಕೆ ಅವರ ಮಾತು.

"ಬೇರೆ ಯಾರೂ ಸಿಗಲಿಲ್ವೇನ್ರೀ ಅವರಿಗೆ?" ಎಂದರು ಸರಸಕ್ಕ. ಆಕೆ ಜವಳಿ ಅಂಗಡಿಯವರ ಹೆಂಡತಿ. ಬಾಯಿ ತುಂಬ ಸುರುಳಿ ಇದ್ದದ್ದರಿಂದ ಮಾತು ಅರ್ಧ ಮೆತ್ತಗಾಗಿ ಬರುತ್ತಿತ್ತು. "ಅವಳು ಕಲಸಿದ ಅನ್ನ ನಮ್ಮ ಮಕ್ಕಳು ತಿನ್ಬೇಕಾ? ನನಗಂತೂ ನೆನೆಸ್ಕೊಂಡ್ರೇ ವಾಕರಿಕೆ ಬರುತ್ತೆ."

"ಶುಚಿ ಅನ್ನೋದೊಂದು ಇದೆಯಲ್ಲ" ಎಂದರು ಅತ್ತೆ. "ತಗೊಳ್ಳಿ, ಇನ್ನೊಂದು ತಗೊಳ್ಳಿ. ಬಿಸಿಬಿಸಿ ಸುತ್ತಿರೋದು."

"ನಿಮ್ಮ ಕೈಯಲ್ಲಿ ಅದೇನಿದೆಯೋ ವಿಶಾಲಾಕ್ಷಮ್ಮ! ಬಾಯಿಗಿಟ್ರೆ ಕರಗುತ್ತೆ" ಎಂದರು ಸರಸಕ್ಕ.

ಬಾಗಿಲ ಸಂದಿಯಿಂದ ಕಂಡೆ. ಸರಸಕ್ಕನ ಮೇಲ್ದುಟಿಯ ಕೂದಲಿಗೆ ಖೋವಾ ಅಂಟಿತ್ತು. ಆಕೆ ನಾಲಿಗೆ ಚಾಚಿ ಅದನ್ನು ನೆಕ್ಕಿಕೊಂಡು, ಸೆರಗಿನ ನೆರಿಗೆಯಲ್ಲಿ ಬಿದ್ದ ಚೂರುಗಳನ್ನೂ ಬೆರಳು ಒದ್ದೆ ಮಾಡಿಕೊಂಡು ಆಯ್ದು ತಿಂದರು. ಎಲ್ಲ ಬಾಯಿಗಳೂ ಒಟ್ಟಿಗೆ ಆಡುತ್ತಿದ್ದವು. ತಿನ್ನುತ್ತ 'ಥೂ' ಎನ್ನುತ್ತಿದ್ದರು, 'ಥೂ' ಎನ್ನುತ್ತ ತಟ್ಟೆಗೆ ಕೈ ಹಾಕುತ್ತಿದ್ದರು. ಬಟ್ಟೆಯ ಕೊಟ್ಟೆ ಕೈಯಲ್ಲಿ ಜಿಡ್ಡು ಜಿಡ್ಡಾಗಿ, ಯಾವುದೋ ಸತ್ತ ಪ್ರಾಣಿಯ ಕರುಳನ್ನು ಹಿಡಿದ ಹಾಗೆ ಭಾಸವಾಯಿತು.

ಆಗ ಅಚ್ಚಿನ ಸದ್ದು ನಿಂತಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಸಿದ್ದಾಜಮ್ಮ ಅಚ್ಚು ತೆರೆದು ಕೂತಿದ್ದಳು. ಹಾಳೆ ಬೆಂದಿತ್ತು. ಅವಳ ಎಡಗೈಯಲ್ಲಿ ಕೊಳವೆಯಿತ್ತು, ಬಲಗೈ ತೊಡೆಯ ಮೇಲಿತ್ತು. ಅವಳು ಹಜಾರದ ಕಡೆ ಕಿವಿಗೊಟ್ಟು ಕೂತೇ ಇದ್ದಳು. ಹಾಳೆ ಅವಳ ಕಣ್ಣ ಮುಂದೆಯೇ ಆರಿತು, ಸೆಟೆದುಕೊಂಡಿತು. ಅವಳು ಅದನ್ನು ಎತ್ತಲಿಲ್ಲ.

ನಾನು ತಟ್ಟೆ ಹಿಡಿದುಕೊಂಡು ಹಜಾರಕ್ಕೆ ಹೋದೆ.

"ಅತ್ತೆ" ಎಂದೆ, "ಸರಸಕ್ಕನವರಿಗೆ ನಿಮ್ಮ ಕೈ ತೋರಿಸಿ."

"ಏನಮ್ಮ?"

"ಬೆರಳು. ಸುರುಳಿ ಸುತ್ತೋರಿಗೆ ಬೆರಳ ತುದಿ ಸುಟ್ಟು ಗಟ್ಟಿಯಾಗಿರತ್ತೆ. ನಿಮ್ಮದು ನುಣುಪಾಗಿದೆ."

ಅತ್ತೆ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ನಾನು ನಿಲ್ಲಿಸಲಿಲ್ಲ. "ಇದನ್ನ ಮಾಡಿದ್ದು ಅತ್ತೆಯಲ್ಲ. ಯಾವತ್ತೂ ಅಲ್ಲ. ಸಿದ್ದಾಜಮ್ಮ. ಈಗಲೂ ಹಿತ್ತಿಲಲ್ಲಿ ಕೂತು ಮಾಡ್ತಿದಾರೆ. ನೀವು ಆಡಿದ್ದೆಲ್ಲ ಅವರಿಗೆ ಕೇಳಿಸಿದೆ."

ಚೀರುತ್ತಾರೆ, ಮೂರ್ಛೆ ಬೀಳುತ್ತಾರೆ ಎಂದುಕೊಂಡಿದ್ದೆ. ಯಾರೂ ಚೀರಲಿಲ್ಲ. ಬಾಯಿಗಳು ಮಾತ್ರ ನಿಂತವು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ಲಲಿತಾಂಬನವರ ಕಡೆ ತಿರುಗಿದರು. ಅವರು ಅಲ್ಲಿದ್ದವರಲ್ಲೆಲ್ಲ ಹಿರಿಯರು, ಊರಿನಲ್ಲಿ ಮಾತು ನಡೆಯುವ ಮನೆಯವರು. ಅವರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು.

"ನಮಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯೇನಮ್ಮ?" ಎಂದರು.

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಈ ಊರಲ್ಲಿ ಅಂಥ ಅಚ್ಚು ಇರೋದು ಒಂದೇ. ಅದು ಯಾರ ಹತ್ರ ಇದೆ ಅಂತ ಯಾರಿಗೆ ಗೊತ್ತಿಲ್ಲ? ನನ್ನ ಮಗಳ ಬಾಣಂತನಕ್ಕೆ ಅಂಟಿನುಂಡೆ ಕಟ್ಟಿದ್ದೂ ಅವಳೇ, ಸರಸನ ಮನೆ ಹಪ್ಪಳ ಒತ್ತೋದೂ ಅವಳೇ. ಗೊತ್ತಿದ್ದೂ ಸುಮ್ಮನಿರೋದಕ್ಕೆ ದೊಡ್ಡತನ ಬೇಕು. ನೀನು ಬಾಯಿಬಿಟ್ಟು ಹೇಳ್ಬಿಟ್ಟೆ." ಅವರು ಕೈಯಲ್ಲಿದ್ದ ಅರ್ಧ ಸುರುಳಿಯನ್ನು ದುಃಖದಿಂದ ನೋಡಿದರು. "ಹೇಳಿದ ಮೇಲೆ ಇನ್ನು ತಿನ್ನೋ ಹಾಗಿಲ್ಲ."

ಅದನ್ನು ತಟ್ಟೆಗೆ ಹಾಕಿ ಅವರು ಎದ್ದು ಮುಂದಿನ ಅಂಗಳದ ನಲ್ಲಿಗೆ ಹೋದರು. ಬಾಯಿ ಮುಕ್ಕಳಿಸಿ ಉಗಿದರು. ಹಿಂದೆ ಸರಸಕ್ಕ, ಅವರ ಹಿಂದೆ ಉಳಿದವರು. ದೇವಸ್ಥಾನದಲ್ಲಿ ತೀರ್ಥಕ್ಕೆ ನಿಲ್ಲುವ ಹಾಗೆ ಸಾಲಾಗಿ ನಿಂತು, ಒಬ್ಬೊಬ್ಬರೇ ಬಗ್ಗಿ, ಗಂಟಲಿಗೆ ಬೆರಳು ಹಾಕಿ, ಖರ್ರೆಂದು ಕೆಮ್ಮಿ ಉಗುಳಿದರು. ಸರಸಕ್ಕ ವಾಂತಿಯನ್ನೇ ಮಾಡಿಕೊಂಡರು. ಆಗಲೇ ಹೇಳಿದ್ದ ವಾಕರಿಕೆಯನ್ನು ಈಗ ತಂದುಕೊಂಡರು, ಅಷ್ಟೆ. ಬಿಳಿಯ ಎಂಜಲು, ಖೋವಾದ ಉಂಡೆಗಳು, ನೆನೆದ ಚೂರುಗಳು ಮೋರಿಯಲ್ಲಿ ಮೆಲ್ಲಗೆ ಸಾಗಿದವು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಜೀವಮಾನದಲ್ಲಿ ಅಷ್ಟು ಹೇಸಿಗೆಯನ್ನು ನಾನು ಆಮೇಲೆ ಕಂಡಿಲ್ಲ. ಅವರು ಅರಿಯದವರಾಗಿದ್ದರೆ ಮರುಕವಾದರೂ ಹುಟ್ಟುತ್ತಿತ್ತೇನೋ.

ಅತ್ತೆ ಹಜಾರದಲ್ಲೇ ಕೂತಿದ್ದರು. "ನಿನಗೆ ಸಂತೋಷ ಆಯ್ತಾ?" ಎಂದರು. "ಊರಲ್ಲಿ ನನ್ನ ಹೆಸರಿಗೆ ಇದ್ದದ್ದು ಅದೊಂದೇ."

"ಅದು ನಿಮ್ಮ ಹೆಸರಾಗಿರಲಿಲ್ಲ ಅತ್ತೆ."

ಹಿತ್ತಿಲಿಗೆ ಹೋದಾಗ ಸಿದ್ದಾಜಮ್ಮ ಒಲೆ ಆರಿಸಿದ್ದಳು. ಅಚ್ಚನ್ನು ಒರೆಸಿ, ಕೊಳವೆಗಳನ್ನು ಒಂದರೊಳಗೊಂದು ತೂರಿಸಿ ಚೀಲಕ್ಕೆ ಹಾಕುತ್ತಿದ್ದಳು. ನಾನು ಏನೋ ಹೇಳಹೊರಟೆ. ಅವಳು ಕೈ ಎತ್ತಿ ತಡೆದಳು.

"ನೀವು ಹೇಳಿದ್ದು ಕೇಳಿಸ್ತು ಚಿಕ್ಕಮ್ಮೋರೆ. ಅವರಿಗೆ ಗೊತ್ತಿತ್ತು ಅನ್ನೋದೂ ಕೇಳಿಸ್ತು." ಕೊನೆಯ ಕೊಳವೆಯನ್ನು ಚೀಲಕ್ಕೆ ತುರುಕಿದಳು. "ಡಬ್ಬಿ ಮೇಲೆ ನೀರು ಬಿದ್ದಾಗ, ಇದು ನನ್ನ ಕೈದು ಅಂತ ತಿನ್ನೋರಿಗೆ ತಿಳೀದು, ತಿಳಿದ್ರೆ ನಮ್ಮನ್ನ ಹೀಗೆ ದೂರ ಇಡಾಕಿಲ್ಲ ಅಂತ ನಾನೇ ಸಮಾಧಾನ ಮಾಡ್ಕೋತಿದ್ದೆ. ನಾನೆಂಥ ದಡ್ಡಿ." ಚೀಲದ ಬಾಯಿ ಕಟ್ಟಿದಳು. "ಇನ್ಮೇಲೆ ನನ್ನ ಹೆಸರು ಬೇರೆ ಯಾರೂ ಹೇಳ್ಬೇಕಾಗಿಲ್ಲ. ನಾನೇ ಹೇಳ್ಕೋತೀನಿ."

ಅವಳು ಹಿಂದಿನ ಬಾಗಿಲ ಕಡೆ ತಿರುಗಲಿಲ್ಲ. ಮನೆಯ ಪಕ್ಕದ ಕಲ್ಲುಹಾಸಿನ ಮೇಲೆ ನಡೆದು ಮುಂದಿನ ಅಂಗಳಕ್ಕೇ ಬಂದಳು. ನಲ್ಲಿಯ ಹತ್ತಿರ ಬಾಯಿ ಒರೆಸಿಕೊಳ್ಳುತ್ತಿದ್ದ ಹೆಂಗಸರು ಸೆರಗು ಸೆಳೆದುಕೊಂಡು ದಾರಿ ಬಿಟ್ಟರು. ಅವಳು ಲಲಿತಾಂಬನವರ ಮುಂದೆ ನಿಂತು, "ನಾನು ಸಿದ್ದಾಜಮ್ಮ. ಸೋಮವಾರದಿಂದ ಇಸ್ಕೂಲಲ್ಲಿ ಅಡುಗೆ ನಂದೇ" ಎಂದು ಹೇಳಿ ಗೇಟು ತೆರೆದುಕೊಂಡು ಹೋದಳು.

ಹೆಂಗಸರು ಶಾಲೆಗೆ ಹೋಗಿ ಹೇಳಿದರು. ಮುಖ್ಯೋಪಾಧ್ಯಾಯಿನಿ ಒಪ್ಪಲಿಲ್ಲ. "ಊಟ ಬೇಡದಿದ್ದವರು ಮನೆಯಿಂದ ತರಲಿ, ಅಡುಗೆಯವರು ಬದಲಾಗುವುದಿಲ್ಲ" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಅತ್ತೆ ನನ್ನ ಕೈಯಿಂದ ಊಟ ಬಡಿಸಿಕೊಳ್ಳುವುದನ್ನು ಬಿಟ್ಟರು. ಇಂದುವಿಗೆ ಬುತ್ತಿ ಕಟ್ಟಿಕೊಡಬೇಕೆಂದು ಹಠ ಹಿಡಿದರು. "ಅಮ್ಮನ ಮನಸ್ಸಿಗೂ ಸ್ವಲ್ಪ ಬೆಲೆ ಕೊಡು" ಎಂದರು ನನ್ನ ಗಂಡ. "ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ. ಅವರು ಕನ್ನಡಕ ಒರೆಸತೊಡಗಿದರು. ಆ ರಾತ್ರಿ ಅವರ ಕೈ ನನ್ನ ಭುಜದ ಮೇಲೆ ಬಿದ್ದಾಗ ನನ್ನ ಮೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಆ ಅಸಹ್ಯ ಪೂರ್ತಿ ಹೋಗಲು ವರ್ಷಗಳೇ ಹಿಡಿದವು. ಪೂರ್ತಿ ಹೋಯಿತೆಂದು ಈಗಲೂ ಹೇಳಲಾರೆ.

ಸೋಮವಾರ ಇಂದುವನ್ನು ಬುತ್ತಿಯಿಲ್ಲದೆ ಕಳಿಸಿದೆ. ಮಧ್ಯಾಹ್ನ ಮನಸ್ಸು ತಡೆಯದೆ ಶಾಲೆಗೆ ಹೋಗಿ ಬೇಲಿಯ ಆಚೆ ನಿಂತೆ. ಜಗಲಿಯ ಮೇಲೆ ಮಕ್ಕಳು ಒಂದೇ ಸಾಲಾಗಿ ಕೂತಿದ್ದರು. ಒಂದು ತುದಿಯಲ್ಲಿ ತಟ್ಟೆಗಳ ಮುಂದೆ ಕೇರಿಯ ಮಕ್ಕಳು, ಅವರ ಪಕ್ಕದಲ್ಲಿ ಇಂದು. ಅಲ್ಲಿಂದಾಚೆಗೆ ಉದ್ದಕ್ಕೂ ಬುತ್ತಿ ತಂದವರು. ಸಿದ್ದಾಜಮ್ಮ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬಂದಳು. ತಟ್ಟೆಗಳು ಮುಗಿದವು. ಅವಳು ಅಲ್ಲಿಗೇ ಹಿಂತಿರುಗಿ ಹೋಗಬಹುದೆಂದುಕೊಂಡೆ. ಹೋಗಲಿಲ್ಲ. ಬುತ್ತಿ ತಂದ ಮಕ್ಕಳ ಮುಂದೆಯೂ ಒಬ್ಬೊಬ್ಬರಾಗಿ ನಿಂತಳು. ಹೆಸರು ಕೇಳಿದಳು, ಸೌಟು ಬಗ್ಗಿಸಿ ಹಿಡಿದಳು, ಕಾದಳು, ಮಗು ಬೇಡವೆಂದು ತಲೆಯಾಡಿಸಿದ ಮೇಲೆ ಮುಂದಕ್ಕೆ ಸರಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಸಾಲಿನ ಕೊನೆಯಲ್ಲಿ ಲಲಿತಾಂಬನವರ ಮೊಮ್ಮಗಳು ಕೂತಿತ್ತು, ಎರಡು ಜಡೆಯ ಪುಟ್ಟ ಹುಡುಗಿ. ಸಿದ್ದಾಜಮ್ಮ ಅದರ ಮುಂದೆಯೂ ಬಗ್ಗಿ ನಿಂತಳು. ಹುಡುಗಿ ತಲೆಯಾಡಿಸಲಿಲ್ಲ, ತಲೆ ಎತ್ತಲೂ ಇಲ್ಲ. ಸೌಟಿನಿಂದೆದ್ದ ಹಬೆ ಅದರ ಮುಖಕ್ಕೆ ತಾಗಿತು. ಅದು ಕಣ್ಣು ಮುಚ್ಚಿ, ಯಾರಿಗೂ ಕೇಳಿಸದ ಹಾಗೆ, ಉದ್ದಕ್ಕೆ ಉಸಿರೆಳೆದುಕೊಂಡಿತು.