ಹೂಂ ಅನ್ನುವವರು

ನವಲಗುಂದದ ದವಾಖಾನೆಯ ಮೆಟ್ಟಿಲು ಹತ್ತುವಾಗಲೇ ವೆಂಕಣ್ಣ ಹೇಳಿಬಿಟ್ಟಿದ್ದ: "ಇದಽ ಕಡೀದು, ವತ್ಸಲಾ. ಇನ್ನ ನಾ ಬರೂದಿಲ್ಲ."

ವತ್ಸಲಾಬಾಯಿಯ ಒಂದು ಕೈಯಲ್ಲಿ ಗಂಡನ ರಟ್ಟೆ, ಇನ್ನೊಂದರಲ್ಲಿ ಹೊದಿಕೆಯ ಚೀಲ. ಕಿಡ್ನಿ ಕೈಕೊಟ್ಟಾಗಿನಿಂದ ವಾರಕ್ಕೆರಡು ಸಲ ಡಯಾಲಿಸಿಸ್. ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಇಬ್ಬರಿಗೂ ಅದು ಗೊತ್ತಿತ್ತು. ವಾದ ಮಾಡಲು ಅವಳಲ್ಲಿ ಕಸುವು ಉಳಿದಿರಲಿಲ್ಲ. 'ಬ್ಯಾಡಂದ್ರ ಬ್ಯಾಡ ಬಿಡ್ರಿ' ಎಂಬ ಮಾತು ಗಂಟಲಿನ ತನಕ ಬಂದಿತ್ತು. ಬಂದಿತಲ್ಲಾ ಎಂದು ತನ್ನನ್ನೇ ಹಳಿದುಕೊಂಡಳು.

ಪಕ್ಕದ ಹಾಸಿಗೆ ಅಣ್ಣಿಗೇರಿ ಕಡೆಯ ಹನಮಪ್ಪನದು. ಅವನ ಹೆಂಡತಿ ಫಕೀರವ್ವ ಸ್ಟೂಲಿನ ಮೇಲೆ ಕೂತು, ಗಂಡನ ಪಾದ ತಿಕ್ಕುತ್ತ, ಯಂತ್ರ ತಿರುಗುವಷ್ಟು ಹೊತ್ತೂ ಕಥೆ ಹೇಳುತ್ತಿದ್ದಳು. ರಾಕ್ಷಸಿ, ರಾಜಕುಮಾರಿ, ಮಾತಾಡುವ ಹೋತ. ಕೇಳುತ್ತ ಕೇಳುತ್ತ ಹನಮಪ್ಪ ತೋಳಿನ ಸೂಜಿಯನ್ನು ಮರೆಯುತ್ತಿದ್ದ. ಆದರೆ ಕೆಲಸದಲ್ಲಿದ್ದಷ್ಟು ಕಾಲ ಬೀಜಗಣಿತ ಕಲಿಸಿದ ವೆಂಕಣ್ಣನಿಗೆ ಇದು ಸೇರುತ್ತಿರಲಿಲ್ಲ.

"ಏನ ಫಕೀರವ್ವಾ, ಸಣ್ಣ ಹುಡುಗರ ಕಥಿ ಹೇಳ್ಲಿಕತ್ತೀ. ಇವನ್ನೇನು ತೊಟ್ಟಿಲದಾಗ ಹಾಕಿ ತೂಗ್ತೀಯೇನು?"

"ಹಿಡಸಂಗಿದ್ರ ಹಾಕತಿದ್ನಿರಿ ಮಾಸ್ತರ. ಕಾಲು ಹೊರಗ ಬರತಾವ."

ಹನಮಪ್ಪ ಕಿಸಕ್ಕನೆ ನಕ್ಕ.

ಆ ದಿನದ ಕಥೆಯಲ್ಲಿ ರಾಕ್ಷಸಿಯೊಬ್ಬಳು ರಾಜನ ಮಗಳನ್ನು ಜೋಳದ ಕಾಳು ಮಾಡಿ ರಾಶಿಯಲ್ಲಿ ಬಚ್ಚಿಟ್ಟಿದ್ದಳು. ಹುಡುಕಿಕೊಂಡು ಬಂದ ಕುರಿ ಕಾಯುವ ಹುಡುಗನಿಗೆ ಕಾಳಿನ ಕೂಗು ಕೇಳಿಸದು. ರಾಕ್ಷಸಿ ಬೀಸುಕಲ್ಲಿನ ಮುಂದೆ ಕೂತು ಹಿಡಿ ಹಿಡಿಯಾಗಿ ಜೋಳ ಬೀಸತೊಡಗಿದಳು. ರಾಜಕುಮಾರಿ ಇದ್ದ ಹಿಡಿ ಅವಳ ಮುಷ್ಟಿಗೆ ಬಂತು.

ಅಲ್ಲಿಗೆ ಫಕೀರವ್ವ ಬಾಯಿ ಮುಚ್ಚಿದಳು. ಹನಮಪ್ಪ ನಿದ್ದೆ ಹೋಗಿದ್ದ.

"ಹೂಂ ಅನ್ನಾಂವ ಮಲಗಿದ್ನಲ್ರಿ ಬಾಯಾರ. ಹೂಂ ಅನ್ನವರಿಲ್ಲದ ಕಥಿ ಹೇಳೂದಂದ್ರ ಗ್ವಾಡಿ ಜೋಡಿ ಮಾತಾಡಿದಂಗ."

ತಾನೇ ಹೂಂಗುಟ್ಟಬೇಕೆಂದು ವತ್ಸಲಾಬಾಯಿ ಬಾಯಿ ತೆರೆಯುವಷ್ಟರಲ್ಲಿ ನರ್ಸ್ ರೇಷ್ಮಾ ಬಂದು ವೆಂಕಣ್ಣನನ್ನು ಕೇಳಿದಳು, "ಕಾಲು ಹಿಡಕೊಂಡಾವೇನ್ರಿ ಸರ್?"

"ಹೂಂ," ಅಂದ ವೆಂಕಣ್ಣ.

ಫಕೀರವ್ವ ಸ್ಟೂಲನ್ನು ಅವನ ಕಡೆ ತಿರುಗಿಸಿದಳು. "ಹಾಂ, ಮುಷ್ಟಿ ಎತ್ತಿದ್ಲಂತ್ರಿ ಮಾಸ್ತರ..."

"ನಿನಗಲ್ಲ ತಾಯಿ ಅಂದದ್ದು! ಕಾಲಿಗೆ ಅಂದೆ!"

"ಯಾವದಕ್ಕರೆ ಅನ್ರಿ. ಹೂಂ ಅಂದಮ್ಯಾಲ ಕಥಿ ನಿಮ್ಮ ಹೆಗಲಿಗೆ ಬಿತ್ತು."

ರೇಷ್ಮಾ ನಗುತ್ತ ಅವನ ಮೀನಖಂಡ ನೀವಿದಳು. ಸೆಳೆತ ಇಳಿದರೂ ಅವಳ ಕೈ ನಿಲ್ಲಲಿಲ್ಲ. ಅವಳಿಗೂ ಮುಂದಿನದು ಬೇಕಾಗಿತ್ತೆಂದು ವತ್ಸಲಾಬಾಯಿಗೆ ತಿಳಿಯಿತು. ಫಕೀರವ್ವ ಮಾತ್ರ ಕಾಯುತ್ತಿದ್ದಳು. ವೆಂಕಣ್ಣ ಗೋಡೆ ನೋಡಿದ, ಚಾವಣಿ ನೋಡಿದ.

"ಹೂಂ," ಅಂದ ಕೊನೆಗೆ, ಸಿಡುಕಿನಿಂದ. ಈ ಸಲ ಅವನ ಕಾಲಿನ ವಿಚಾರ ಯಾರೂ ಕೇಳಿರಲಿಲ್ಲ.

ಕುರಿ ಕಾಯುವ ಹುಡುಗ ಬೀಸುಕಲ್ಲಿನ ಗೂಟ ಕಿತ್ತು ಒಗೆದ. ರಾಕ್ಷಸಿ ಮುಷ್ಟಿ ಬಿಚ್ಚದೆ ಗೂಟ ಹುಡುಕುತ್ತ ಮನೆಯೆಲ್ಲ ತಿರುಗಿದಳು. ಹಾಗೆ ತಿರುಗುತ್ತಿರುವಾಗಲೇ ಹನಮಪ್ಪನ ಪಾಳಿ ಮುಗಿದು ಯಂತ್ರ ಕೂಗಿತು. ಫಕೀರವ್ವ ಎದ್ದು ಗಂಡನನ್ನು ಎಬ್ಬಿಸಿದಳು. "ಉಳದದ್ದು ಮುಂದಿನ ಪಾಳಿಗೆ ಹೇಳತೇನ್ರಿ. ನಮ್ಮ ಬಸ್ ಹೊಂಡತೈತಿ."

ಮುಂದಿನ ಪಾಳಿಯ ದಿನ ವೆಂಕಣ್ಣ ಹಾಸಿಗೆ ಬಿಟ್ಟು ಏಳಲಿಲ್ಲ. "ಅವತ್ತಽ ಹೇಳೀನಲ್ಲ."

ಆಟೋ ಬಂದು ಬಾಗಿಲಲ್ಲಿ ನಿಂತಿತ್ತು. ವತ್ಸಲಾಬಾಯಿ ಚೀಲ ಕೆಳಗಿಟ್ಟು ಮಂಚದ ಅಂಚಿಗೆ ಕೂತಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಕೂತದ್ದರಿಂದ ಸೊಂಟಕ್ಕೆ ಹಿತವಾಯಿತು, ಅಷ್ಟೇ.

"ಆ ಹುಡುಗೀದು ಏನಾತು?" ವೆಂಕಣ್ಣ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದ. "ಮುಷ್ಟಿಯೊಳಗಿದ್ದಾಕಿ. ನಿಮ್ಮಜ್ಜಿನೂ ಇಂಥಾವಽ ಹೇಳ್ತಿದ್ರಲ್ಲ, ನಿಂಗ ಗೊತ್ತಿರಬೇಕು. ಹೇಳು."

ಅವಳಿಗೆ ಗೊತ್ತಿತ್ತು. ಶೇಂಗಾ ಸುಲಿಯುತ್ತ ಅಜ್ಜಿ ಹೇಳುತ್ತಿದ್ದಾಗ ರಾಕ್ಷಸಿಗೆ ಸೀನು ಬಂದು ಮುಷ್ಟಿ ಬಿಚ್ಚುತ್ತಿತ್ತು. ಬಿಚ್ಚುತ್ತದೆಂದು ಗೊತ್ತಿದ್ದೂ ಮೊನ್ನೆ, ಈ ವಯಸ್ಸಿನಲ್ಲಿ, ಅವಳ ಉಸಿರು ಅದೇ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಹೇಳಿದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಎಲ್ಲವೂ ಮುಗಿಯುತ್ತಿತ್ತು.

"ಇದು ನಾ ಕೇಳಿಲ್ರಿ," ಅಂದಳು.

ವೆಂಕಣ್ಣ ಹೊರಳಿ ಅವಳ ಮುಖ ನೋಡಿದ. ಕಾಪಿ ಹೊಡೆದ ಹುಡುಗರನ್ನು ನೋಟದಲ್ಲೇ ಹಿಡಿಯುತ್ತಿದ್ದ ಕಣ್ಣು ಅದು. ಅವಳು ದೃಷ್ಟಿ ತಪ್ಪಿಸಲಿಲ್ಲ. ತಪ್ಪಿಸಲೂ ದಣಿವಾಗಿತ್ತು.

"ಸುಳ್ಳಬುರಕಿ," ಅಂದ, ಮೆತ್ತಗೆ. "ಬಿ.ಎ. ಓದೀಯಂತ. ಒಂದು ಸುಳ್ಳು ನೆಟ್ಟಗ ಹೇಳ್ಲಿಕ್ಕೆ ಬರೂದಿಲ್ಲ."

ಅವನು ಕೈಯೂರಿ ಎದ್ದು ಕೂತ.

"ಅಂಗಿ ಕೊಡು. ಕಥಿ ಮುಗಿಯೂತನಕ ಅಷ್ಟಽ. ಆಮ್ಯಾಲೆ ನೋಡೂಣು."

ಅವಳು ಅಂಗಿಯ ತೋಳು ಅಗಲಿಸಿ ಹಿಡಿದಳು. ಸೂಜಿ ಚುಚ್ಚಿಸಿಕೊಂಡು ಗಂಟುಗಟ್ಟಿದ ಕೈ ನಿಧಾನವಾಗಿ ಒಳಗೆ ಬಂತು. ಹೊರಗೆ ಆಟೋದವನು ಹಾರ್ನ್ ಹೊಡೆಯದೆ ಕಾಯುತ್ತಿದ್ದ.