ಹದಿನಾರನೇ ಬಟನ್

ಪೂನಮಳ ಮಾತಿನ ಪೆಟ್ಟಿಗೆಯಲ್ಲಿ ಹದಿನಾರು ಬಟನ್‌ಗಳಿದ್ದವು. ನೀರು, ಹಸಿವು, ಸಂಡಾಸು, ಸೆಕೆ, ಚಳಿ, ಟಿವಿ, ಅಪ್ಪ, ಅವ್ವ, ಛಲೋ ಅದ, ಬ್ಯಾಡ ಎಂದು ಮುಂತಾಗಿ ಹದಿನೈದರಲ್ಲಿ ಮಾತು ತುಂಬಿತ್ತು. ಒತ್ತಿದರೆ ಮಾತು ಹೊರಗೆ ಬರುತ್ತಿತ್ತು. ದನಿ ಮಾತ್ರ ತಾಯಿ ಮಾಳಮ್ಮನದು. ಹುಟ್ಟಿದಾಗಿನಿಂದ ಕೈಕಾಲು ಸೆಟೆದು ಬಾಯಿಂದ ಮಾತೇ ಬಾರದ ಹತ್ತೊಂಬತ್ತರ ಹುಡುಗಿ ಮುಷ್ಟಿಯಿಂದ ಬಟನ್ ಒತ್ತುವುದು, ಕುರಿಗಳನ್ನು ಕೂಗಿ ಕೂಗಿ ಗಡುಸಾದ ತಾಯಿಯ ಗಂಟಲು "ನೀರ ಬೇಕು" ಅನ್ನುವುದು ಗುಂಜೋಟಿಯ ಅವರ ಓಣಿಗೆ ರೂಢಿಯಾಗಿ ಹೋಗಿತ್ತು.

ಉಳಿದ ಒಂದು ಬಟನ್ ಉದಗೀರದ ಓದುಕೂಟಕ್ಕೆ. ಪೆಟ್ಟಿಗೆಯಿಂದಲೋ ಫೋನಿನಿಂದಲೋ ಮಾತಾಡುವವರು ತಿಂಗಳಿಗೊಂದು ಭಾನುವಾರ ಅಲ್ಲಿ ಸೇರಿ ಒಂದು ಕತೆಯ ಬಗ್ಗೆ ಮಾತಾಡುತ್ತಿದ್ದರು. ಕೂಟ ನಡೆಸುವ ದೀಪಾಲಿ ಟೀಚರು ವಾರ ಮೊದಲೇ ಕತೆಯನ್ನು ತಾವೇ ಓದಿ ಫೋನಿಗೆ ಕಳಿಸುತ್ತಿದ್ದರು. ಕೇಳಿದ ಮೇಲೆ ಯಾವ ಮಾತು ಬೇಕೆಂದು ವಿಚಾರಿಸಿ ಪೆಟ್ಟಿಗೆಗೆ ತುಂಬಿಕೊಂಡು ಬರುವುದು ಮನೆಯವರ ಕೆಲಸ.

ಈ ಸಲ ಒಬ್ಬ ಅತ್ತೆಯ ಕತೆ. ಸೊಸೆ ತವರಿಗೆ ಹೊರಟು ನಿಂತಿದ್ದಾಳೆ. ಅವಳನ್ನು ಬಿಟ್ಟಿರಲಾರದ ಅತ್ತೆ, ಬಸ್ಸು ಆಗಲೇ ಹೋಯಿತೆಂದು ಹೇಳಿ ನಿಲ್ಲಿಸಿಕೊಳ್ಳುತ್ತಾಳೆ. ಕತೆ ಮುಗಿಯುತ್ತಲೇ ಪೂನಮ ಖಾಲಿ ಬಟನ್ ಒತ್ತಿದಳು. ಅವಳಿಗೆ ಏನೋ ಹೇಳಬೇಕಿತ್ತು. ಅದನ್ನು ಹುಡುಕಲು ಇದ್ದದ್ದು ಒಂದೇ ದಾರಿ: ಮಾಳಮ್ಮ ಒಂದೊಂದೇ ಮಾತು ಕೇಳಬೇಕು, ಹೌದಾದರೆ ಮಗಳು ಕಣ್ಣು ಮೇಲೆತ್ತಬೇಕು.

"ಅತ್ತಿ? ಸೊಸಿ? ತವರಮನಿ? ಸಿಟ್ಟ ಬಂತಾ? ಅಳು ಬಂತಾ?"

ಕಣ್ಣು ಏಳಲಿಲ್ಲ. ರೊಟ್ಟಿ ಬಡಿಯುತ್ತ, ಮರಿಗಳನ್ನು ಕಟ್ಟುತ್ತ ಮಾಳಮ್ಮ ಆರು ದಿನ ಕೇಳಿದಳು. ತನಗೆ ಗೊತ್ತಿದ್ದ ಮಾತೆಲ್ಲ ತೀರಿಹೋಯಿತು ಅನ್ನಿಸಿತು.

"ಉಳ್ಳಾಗಡ್ಡಿ ಕೇಳಿದ್ಯೇನು? ಅದೊಂದು ಉಳದದ ನೋಡು," ಎಂದ ಗಂಡ ಮಾಣಿಕಪ್ಪ. ಪೂನಮ ಮೈ ಕುಲುಕಿಸಿ ನಕ್ಕಳು.

"ನಿಮಗ ನಗಿ. ಕೂಸಿನ ಮಾತು ಹೊಟ್ಟ್ಯಾಗೇ ಉಳೀತದಲ್ಲ!"

"ಉಳೀಲಿ ಬಿಡು. ಬಾಯಿದ್ದ ನಂದೇ ನಿನ್ನ ಮುಂದ ಹೊಟ್ಟ್ಯಾಗ ಉಳದದ."

ಭಾನುವಾರ ಬಟನ್ ಖಾಲಿಯೇ ಇತ್ತು. ಉಮರಗಾದಲ್ಲಿ ಒಂದು ಬಸ್ಸು, ನಿಲಂಗಾದಲ್ಲಿ ಇನ್ನೊಂದು. ಎರಡರಲ್ಲೂ ಮಗಳನ್ನು ಎತ್ತಿ ಹತ್ತಿಸಿ, ಗಾಲಿಕುರ್ಚಿ ಮಡಚಿ ಇಟ್ಟು, ಮಾಳಮ್ಮ ಉದಗೀರ ಮುಟ್ಟುವಾಗ ಸೊಂಟ ಹಿಡಿದಿತ್ತು.

ಕೂಟದ ನಿಯಮ ಇಷ್ಟೇ: ಪೆಟ್ಟಿಗೆಯವರು ಮೊದಲು, ಬಾಯಿಯವರು ಆಮೇಲೆ. ಬಟ್ಟೆ ಅಂಗಡಿಯ ವೈಜನಾಥಪ್ಪನವರಿಗೆ ಲಕ್ವಾ ಹೊಡೆದು ಮಾತು ನಿಂತಿತ್ತು. ಎಡಗೈ ಬೆರಳಿನಿಂದ ಅವರು ಒಂದೊಂದೇ ಅಕ್ಷರ ಒತ್ತಿದರು. ಎಲ್ಲರೂ ಕಾದರು. ಫೋನು ಹೇಳಿತು: "ಅತ್ತಿ ಭಾಳ ಶಾಣ್ಯಾಕಿ. ನನ್ನ ಗಲ್ಲಾದ ಮ್ಯಾಲ ಕೂಡಬೇಕಾಗಿತ್ತು." ಎಲ್ಲರೂ ನಕ್ಕರು.

ಮಾಳಮ್ಮನಿಗೆ ತಡೆಯಲಾಗಲಿಲ್ಲ. "ಅತ್ತೀದೇನ ತಪ್ಪಿಲ್ಲ ಬಿಡ್ರಿ. ಸೊಸಿ ಮ್ಯಾಲ ಜೀವ ಅದ ಅಂದ್ರ ಅಷ್ಟು ಹೇಳಬೇಕಾಗ್ತದ."

"ಮಾಳಮ್ಮಕ್ಕಾ, ನಿಮ್ಮ ಪಾಳಿ ಆಮ್ಯಾಲ," ಎಂದರು ದೀಪಾಲಿ. "ಈಗ ಪೂನಮಂದು."

ಪೂನಮ ಖಾಲಿ ಬಟನ್ ಒತ್ತಿದಳು. ಟಕ್ ಅಂದಿತು, ಅಷ್ಟೇ. ಮಾಳಮ್ಮ ತಲೆ ತಗ್ಗಿಸಿದಳು. "ಆರು ದಿನ ಹುಡುಕೀನ್ರಿ ಅಕ್ಕೋರ, ಸಿಗಲಿಲ್ಲ."

ಕಿರಿಮಗನನ್ನು ಮೊದಲ ಸಲ ಕರೆತಂದಿದ್ದ ಅನುಸೂಯಾಬಾಯಿ ಪಕ್ಕದಲ್ಲಿದ್ದಳು. ಕನಿಕರದಿಂದ ಕೇಳಿದಳು: "ಶಾಲಿಗೆ ಹಾಕಿರಲಿಲ್ಲೇನ್ರಿ ಈಕೀನ?"

"ಹಾಕಿದ್ದೆವ್ರಿ, ಎಂಟು ವರ್ಷದಾಕಿ ಇದ್ದಾಗ, ಸೋಲಾಪುರದ ಕಡಿ. ಮೂರ ತಿಂಗಳಿಗೇ ಅತ್ತು ಅತ್ತು ಮನಿಗಿ ವಾಪಸ್ ಬಂದ್ಳು. ಅವ್ವನ್ನ ಬಿಟ್ಟು ಇರಾಂಗಿಲ್ಲ ಈಕಿ."

ಟಕ್. ಟಕ್. ಟಕ್. ಪೆಟ್ಟಿಗೆ ಅಲುಗಾಡುವಂತೆ ಪೂನಮ ಮುಷ್ಟಿ ಬಡಿದಳು. ನೋಟವೆಲ್ಲ ತಾಯಿಯ ಮೇಲಿತ್ತು.

ವೈಜನಾಥಪ್ಪನವರ ಬೆರಳು ಆಡಿತು. "ಏನು ಅಂತ ಕೇಳಬ್ಯಾಡ್ರಿ. ಯಾರಿಗಿ ಅಂತ ಕೇಳ್ರಿ."

"ನನಗ ಹೇಳಬೇಕೇನವ್ವ?" ಎಂದಳು ಮಾಳಮ್ಮ.

ಕಣ್ಣು ಮೇಲೆ ಹೋಯಿತು.

ಮಾಳಮ್ಮನಿಗೆ ಮುಂದೆ ಏನೂ ಕೇಳಬೇಕಾಗಲಿಲ್ಲ. ಆ ಶಾಲೆಯ ಕೋಣೆ ನೆನಪಾಯಿತು. ಮೂರನೇ ತಿಂಗಳು ನೋಡಲು ಹೋದಾಗ ಪೂನಮ ಕಿಟಕಿ ಪಕ್ಕ ಕುಳಿತಿದ್ದಳು. ಮುಂದೆ ಅಕ್ಷರದ ಹಲಗೆ ಇತ್ತು. ಟೀಚರು ಹೇಳಿದ ಅಕ್ಷರದ ಮೇಲೆ ಮುಷ್ಟಿ ಇಡುತ್ತಿದ್ದಳು. ತಾಯಿಯನ್ನು ನೋಡಿ ಚೆಂದವಾಗಿ ನಕ್ಕು ಮತ್ತೆ ಹಲಗೆಯ ಕಡೆ ತಿರುಗಿದಳು. ಆ ತಿರುಗಿದ್ದೇ ಮಾಳಮ್ಮನಿಗೆ ತಡೆಯದಾಯಿತು. ಅವತ್ತೇ ಮನೆಗೆ ಕರೆತಂದಳು. ಮಗಳು ಅಳುತ್ತಾಳೆಂದು ಮಾಣಿಕಪ್ಪನಿಗೆ ಹೇಳಿದಳು, ಊರಿಗೆಲ್ಲ ಹೇಳಿದಳು. ಹನ್ನೊಂದು ವರ್ಷ, ಪೂನಮಳ ಎದುರಿಗೇ ಹೇಳುತ್ತ ಬಂದಳು. ಅಲ್ಲೇ ಇದ್ದಿದ್ದರೆ ಇವತ್ತು ಇವಳೂ ವೈಜನಾಥಪ್ಪನವರ ಹಾಗೆ ಅಕ್ಷರ ಕೂಡಿಸಿ ಬೇಕಾದ್ದು ಹೇಳುತ್ತಿದ್ದಳು. ಯಾರೂ ಹುಡುಕಿಕೊಡಬೇಕಾಗಿರಲಿಲ್ಲ.

ಬೇರೆ ಯಾವುದಾದರೂ ಮಾತು ತುಂಬಬಹುದಿತ್ತು. ಕೋಣೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಒಬ್ಬಳನ್ನು ಬಿಟ್ಟು. ಮಾಳಮ್ಮ ರೆಕಾರ್ಡ್ ಮಾಡುವ ಕೆಂಪು ಗುಂಡಿ ಹಿಡಿದು ಪೆಟ್ಟಿಗೆಗೆ ಬಾಯಿ ಹಚ್ಚಿದಳು. ಹೇಳಿ ಕೈ ಬಿಟ್ಟಳು.

ಪೂನಮ ಬಟನ್ ಒತ್ತಿದಳು.

"ಸುಳ್ಳ ಹೇಳ್ತಿ, ಅವ್ವಾ," ಎಂದಿತು ಮಾಳಮ್ಮನ ದನಿ.

ಅನುಸೂಯಾಬಾಯಿ ಮಗನ ಅಂಗಿ ಸರಿಮಾಡುತ್ತ ಕುಳಿತಳು.

"ಅಕ್ಕೋರ," ಎಂದಳು ಮಾಳಮ್ಮ ಕೊನೆಗೆ, "ಆ ಶಾಲ್ಯಾಗ ಈಗ ತಗೋತಾರೇನ್ರಿ?"

ದೀಪಾಲಿ ಕುರ್ಚಿ ಹತ್ತಿರ ಎಳೆದುಕೊಂಡರು. "ಅಲ್ಲಿ ಹದಿನಾಲ್ಕರ ಒಳಗಿನವರನ್ನಷ್ಟೇ ತಗೋತಾರ, ಮಾಳಮ್ಮಕ್ಕಾ. ದೊಡ್ಡವರಿಗಿ ಈ ಕಡಿ ಎಲ್ಲೂ ಇಲ್ಲ. ನಾ ತಿಂಗಳಿಗೊಮ್ಮೆ ಒಂದು ತಾಸು ಅಕ್ಷರ ಕಲಿಸಬಹುದು, ಅಷ್ಟೇ. ಅಷ್ಟ್ರಾಗ ಎಷ್ಟು ಬರ್ತದೋ…"

ಮಾಳಮ್ಮ ಮಗಳ ಕಡೆ ತಿರುಗಿದಳು. ಕೇಳಬಾರದಿತ್ತು, ಆದರೂ ಕೇಳಿದಳು: "ಆ ಶಾಲಿಗಿ ಹೋಗಬೇಕಂತ ಇನ್ನಾ ಅನಸ್ತದೇನವ್ವ?"

ಪೂನಮ ಕಣ್ಣು ಮೇಲೆತ್ತಿದಳು.

"ಆಯ್ತು, ತಿಳೀತು," ಎಂದಳು ಮಾಳಮ್ಮ. "ತಿಳೀತವ್ವ, ಸಾಕು."

ಕಣ್ಣು ಕೆಳಗಿಳಿಯಲಿಲ್ಲ.